ಶೇಕಡಾವಾರು ಅಳೆದಿರಿ, ಅರಿವನ್ನು ಅಳೆಯುವುದು ಯಾವಾಗ?

ಇವರಿಗೆ,
ರಾಜ್ಯದ ವೈದ್ಯಕೀಯ ಕಾಲೇಜುಗಳ ಡೀನ್ ಮತ್ತು ನಿರ್ದೇಶಕರು,
ಸ್ನಾತಕೋತ್ತರ ವಿಭಾಗಗಳ ಮುಖ್ಯಸ್ಥರು ಹಾಗೂ ಪ್ರಬಂಧ ಮಾರ್ಗದರ್ಶಕರು

ವಿಷಯ: ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ ಕೃತಿಚೌರ್ಯದ ಬಗ್ಗೆ ಇರುವ ಅರಿವನ್ನು ಸಿನಾಪ್ಸಿಸ್ (ಥೀಸಿಸ್‌ನ ಯೋಜನೆಯ ಸಾರಾಂಶ) ಸಲ್ಲಿಕೆಗೆ ಮೊದಲೇ ಅಳೆಯುವ ಕುರಿತು

ಮಾನ್ಯರೇ,

ನಾನು ವೈದ್ಯಳಲ್ಲ, ವೈದ್ಯಕೀಯ ಶಿಕ್ಷಕಿಯೂ ಅಲ್ಲ. ಕರಾವಳಿಯ ಪದವಿ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿ ದುಡಿದು, ನಿವೃತ್ತಿಯ ನಂತರ ಶಿರಸಿಯಲ್ಲಿ ನೆಲೆಸಿದವಳು. ನಿಮ್ಮ ಕಾಲೇಜುಗಳ ಒಳಗಿನ ಮಾತು ಇವಳಿಗೆ ಹೇಗೆ ಗೊತ್ತು ಎಂದು ನೀವು ಕೇಳುವುದು ಸಹಜ. ನನ್ನ ತಂಗಿಯ ಮಗ ಇಲ್ಲಿ ಟೈಪಿಂಗ್, ಜೆರಾಕ್ಸ್, ಬೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಹುಬ್ಬಳ್ಳಿ, ದಾವಣಗೆರೆ, ಮಂಗಳೂರು, ಬೆಂಗಳೂರು ಎಂದು ಊರೂರಿನಲ್ಲಿ ಎಂ.ಡಿ., ಎಂ.ಎಸ್. ಓದುತ್ತಿರುವ ನಮ್ಮ ಕಡೆಯ ಮಕ್ಕಳು ರಜೆಯಲ್ಲಿ ಮನೆಗೆ ಬಂದಾಗ ಥೀಸಿಸ್‌ನ ಕೊನೆಯ ಕೆಲಸಗಳನ್ನು ಅವನಲ್ಲಿ ಮಾಡಿಸಿಕೊಳ್ಳುತ್ತಾರೆ. ಉಲ್ಲೇಖಗಳ ಪಟ್ಟಿ ಸರಿಪಡಿಸಬೇಕಾದಾಗ ಅವನು ನನಗೆ ಫೋನ್ ಮಾಡುತ್ತಾನೆ. ಹಣಕ್ಕಾಗಿ ಹೋಗುವುದಲ್ಲ, ಅರ್ಧವಿರಾಮ ಬರಬೇಕಾದಲ್ಲಿ ಅಲ್ಪವಿರಾಮ ಕಂಡರೆ ಕೈ ಸುಮ್ಮನಿರುವುದಿಲ್ಲ, ಅಷ್ಟೇ.

ಯಾವ ಕಾಲೇಜು, ಯಾವ ವಿಭಾಗ, ಯಾರ ಥೀಸಿಸ್ ಎಂಬುದನ್ನು ಈ ಪತ್ರದಲ್ಲಿ ಹೇಳುವುದಿಲ್ಲ. ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಹಿಡಿದುಕೊಡುವುದು ನನ್ನ ಉದ್ದೇಶವಲ್ಲ. ನಾನು ಕಂಡದ್ದು ಒಂದೇ ಕಾಲೇಜಿನದೂ ಅಲ್ಲ. ಬಹಿರಂಗವಾಗಿ ಬರೆಯುತ್ತಿರುವುದೂ ಅದಕ್ಕೇ. ಒಬ್ಬರಿಗೆ ಖಾಸಗಿಯಾಗಿ ಬರೆದರೆ ಅದು ಒಂದು ಕಡತ ಸೇರಿ, ಒಂದು ಸುತ್ತೋಲೆಯಾಗಿ, ನೋಟಿಸ್ ಬೋರ್ಡಿನಲ್ಲಿ ಒಣಗುತ್ತದೆ ಎಂಬುದನ್ನು ಕಾಲೇಜಿನಲ್ಲಿ ದುಡಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ದೂರು ಇಷ್ಟು. ನೀವು ಥೀಸಿಸ್ಸನ್ನು ಅಳೆಯುತ್ತಿದ್ದೀರಿ, ಅದನ್ನು ಬರೆದವರನ್ನು ಅಳೆಯುತ್ತಿಲ್ಲ. ಬರಹ ಬೇರೆ ಬರಹಗಳನ್ನು ಎಷ್ಟು ಹೋಲುತ್ತದೆ ಎಂದು ಹುಡುಕುವ ಸಾಫ್ಟ್‌ವೇರ್ ಶೇಕಡಾ ಎಂಟು ಎಂದರೆ ಎಲ್ಲರಿಗೂ ಸಮಾಧಾನ, ಇಪ್ಪತ್ತೆರಡು ಎಂದರೆ ಗಾಬರಿ. ಆ ಎಂಟರಲ್ಲಿ ಏನಿದೆ, ಇಪ್ಪತ್ತೆರಡರಲ್ಲಿ ಏನಿದೆ ಎಂದು ಬಿಡಿಸಿ ನೋಡುವವರು ಕಡಿಮೆ. ಯಾವುದು ಕೃತಿಚೌರ್ಯ, ಯಾವುದು ಅಲ್ಲ ಎಂಬುದು ವಿದ್ಯಾರ್ಥಿಗೆ ತಿಳಿದಿದೆಯೇ ಎಂದು ಮೂರು ವರ್ಷಗಳಲ್ಲಿ ಒಮ್ಮೆಯಾದರೂ ಕೇಳಿದವರನ್ನು ನಾನಂತೂ ಕಂಡಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕರಾವಳಿಯ ಒಂದು ತಾಲ್ಲೂಕಿನ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ ಬರೆದ ಥೀಸಿಸ್ ಅದು. ಹೋಲಿಕೆ ಪ್ರಮಾಣ ಹತ್ತರೊಳಗೆ ಇತ್ತು, ಪ್ರಮಾಣಪತ್ರವೂ ಲಗತ್ತಾಗಿತ್ತು, ಗೈಡ್ ಸಹಿ ಹಾಕಿದ್ದರು. 'ಅಧ್ಯಯನ ಪ್ರದೇಶ' ಎಂಬ ಭಾಗದಲ್ಲಿ ಆ ತಾಲ್ಲೂಕಿನ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್, ಮುಖ್ಯ ಬೆಳೆ ಜೋಳ ಎಂದು ಬರೆದಿತ್ತು. ಮಾನ್ಯರೇ, ನಮ್ಮ ಕರಾವಳಿಯಲ್ಲಿ ಸಾಮಾನ್ಯ ವರ್ಷದ ಜುಲೈ ತಿಂಗಳೊಂದರಲ್ಲೇ ಅದಕ್ಕಿಂತ ಹೆಚ್ಚು ಮಳೆ ಸುರಿಯುತ್ತದೆ. ಜೋಳ ನಾವು ತಿನ್ನುವುದುಂಟು, ಬೆಳೆಯುವುದಿಲ್ಲ. ಬಯಲುಸೀಮೆಯ ಯಾವುದೋ ಥೀಸಿಸ್‌ನಿಂದ ಆ ಪುಟ ಎದ್ದು ಬಂದು, ಊರಿನ ಹೆಸರು ಮಾತ್ರ ಬದಲಾಯಿಸಿಕೊಂಡು ಇಲ್ಲಿ ಕೂತಿತ್ತು. ವಾಕ್ಯಗಳನ್ನು ತಿರುಗಿಸಿ ಮುರುಗಿಸಿ ಬರೆದದ್ದರಿಂದ ಸಾಫ್ಟ್‌ವೇರ್‌ಗೆ ಸಿಕ್ಕಿರಲಿಲ್ಲ. ಆ ಹುಡುಗನನ್ನು ಕೇಳಿದೆ. ಅವನ ಮುಖದಲ್ಲಿ ಕಳ್ಳತನ ಸಿಕ್ಕಿಬಿದ್ದವರ ಭಯ ಇರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಮೇಡಂ, ಅದು ಬರೇ ಪರಿಚಯದ ಭಾಗ. ರಿಸಲ್ಟ್ ಎಲ್ಲ ನನ್ನದೇ. ಮನೆಮನೆಗೆ ಹೋಗಿ ತೆಗೆದದ್ದು" ಎಂದ. ಅದು ಸುಳ್ಳಲ್ಲ. ಮಳೆಯಲ್ಲಿ ಹಳ್ಳಿ ಹಳ್ಳಿ ಅಲೆದು ರಕ್ತದೊತ್ತಡ ಅಳೆದಿದ್ದ. ಆ ಮಳೆಯಲ್ಲಿ ನೆನೆದು ಬಂದವನೇ 600 ಮಿಲಿಮೀಟರ್ ಎಂಬ ಅಂಕಿಯನ್ನು ಕಣ್ಣು ಮಿಟುಕಿಸದೆ ದಾಟಿದ್ದ. ಪರಿಚಯದ ಭಾಗ ಯಾರದ್ದಾದರೂ ಆಗಬಹುದು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

ಇದಕ್ಕೆ ವಿರುದ್ಧವಾದದ್ದನ್ನೂ ನೋಡಿದ್ದೇನೆ. ಸಿದ್ದಾಪುರ ಕಡೆಯ ಹುಡುಗಿಯೊಬ್ಬಳ ವರದಿಯಲ್ಲಿ ಶೇ. 23 ಎಂದು ಬಂದಿತ್ತು. ಎರಡು ರಾತ್ರಿ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿಸಿಕೊಂಡು ಬಂದಿದ್ದಳು. ವರದಿಯನ್ನು ತೆರೆದು ಪುಟ ಪುಟವಾಗಿ ನೋಡಿದೆವು. ಹೋಲಿಕೆಯನ್ನು ತೋರಿಸುವ ಕೆಂಪು ಬಣ್ಣ ತುಂಬಿದ್ದು ಎಲ್ಲಿ? ಎಥಿಕ್ಸ್ ಕಮಿಟಿ ಕೊಟ್ಟ ಒಪ್ಪಿಗೆ ಪತ್ರದ ನಮೂನೆಯಲ್ಲಿ, ಎಲ್ಲರೂ ಬಳಸುವ ಪ್ರಮಾಣೀಕೃತ ಪ್ರಶ್ನಾವಳಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆಗೆ ಕೊಟ್ಟಿರುವ ವ್ಯಾಖ್ಯೆಯಲ್ಲಿ, ಉಲ್ಲೇಖಗಳ ಪಟ್ಟಿಯಲ್ಲಿ. ಅವಳ ಸ್ವಂತ ಅಧ್ಯಾಯಗಳು ಹೆಚ್ಚುಕಡಿಮೆ ಬಿಳಿಯಾಗಿಯೇ ಇದ್ದವು. ಆದರೆ ಅವಳಿಗೆ ಬಂದಿದ್ದ ಸೂಚನೆ ಒಂದೇ: "ಹತ್ತರೊಳಗೆ ತನ್ನಿ." ಹಾಗಾಗಿ ಅವಳು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯನ್ನೇ ತಿದ್ದಲು ಹೊರಟಿದ್ದಳು. ವೈದ್ಯೆಯಾಗುವವಳು ಶೇಕಡಾವಾರಿಗೆ ಹೆದರಿ ರೋಗದ ವ್ಯಾಖ್ಯೆಯನ್ನು ಬದಲಾಯಿಸುವ ಪರಿಸ್ಥಿತಿ ಬಂದಿದೆ ಎಂಬುದು ನಿಮಗೆ ತಿಳಿದಿರಲಿ.

ಜ್ವರ 102 ಡಿಗ್ರಿ ಎಂದಷ್ಟೇ ಬರೆದು ರೋಗಿಯನ್ನು ಮನೆಗೆ ಕಳುಹಿಸುವ ವೈದ್ಯರು ನಿಮ್ಮಲ್ಲಿ ಯಾರೂ ಇಲ್ಲ. ಥೀಸಿಸ್ ವಿಷಯದಲ್ಲಿ ಮಾತ್ರ ಥರ್ಮಾಮೀಟರ್ ಹೇಳಿದ್ದೇ ರೋಗದ ಹೆಸರಾಗಿಬಿಟ್ಟಿದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳನ್ನು ನಿಮ್ಮ ಮುಂದೆ ಉದ್ಧರಿಸುವುದು ಸಲುಗೆಯಾಗಬಹುದು. ಆದರೂ ಒಮ್ಮೆ ಒಟ್ಟಿಗೆ ಓದೋಣ. ಎಲ್ಲರಿಗೂ ಬಾಯಿಪಾಠವಾಗಿರುವುದು ಅದರ ಮಟ್ಟಗಳು. ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದಂತೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಅದೇ ನಿಯಮಗಳು ಉಲ್ಲೇಖಗಳ ಪಟ್ಟಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಆಕರ ಹೇಳಿ ಉದ್ಧರಿಸಿದ ಭಾಗ, ಪ್ರಮಾಣಿತ ಸಂಕೇತ ಮತ್ತು ಸಮೀಕರಣಗಳನ್ನು ಲೆಕ್ಕದಿಂದ ಹೊರಗಿಡಬೇಕು ಎನ್ನುತ್ತವೆ. ಸಾಮಾನ್ಯ ತಿಳಿವಳಿಕೆಯ ಮಾತು ಆಕಸ್ಮಿಕವಾಗಿ ಹದಿನಾಲ್ಕು ಪದಗಳವರೆಗೆ ಸತತವಾಗಿ ಹೊಂದಿಕೊಂಡರೆ ಅದನ್ನೂ ಬಿಡಬೇಕು. ಸಿದ್ದಾಪುರದ ಹುಡುಗಿಯ ವರದಿಯಲ್ಲಿ ಇವುಗಳಲ್ಲಿ ಯಾವುದನ್ನೂ ಬಿಟ್ಟಿರಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಗುಂಡಿ ಇದೆ, ಒತ್ತುವವರು ಬೇಕು.

ಆದರೆ ನಾನು ಹೇಳಬೇಕೆಂದಿರುವುದು ಗುಂಡಿಯ ವಿಷಯವಲ್ಲ. ಅದೇ ನಿಯಮಗಳಲ್ಲಿ, ದಂಡನೆಯ ಮಾತು ಬರುವುದಕ್ಕಿಂತ ಮೊದಲೇ, ಅರಿವಿನ ಮಾತು ಇದೆ. ಪ್ರತಿ ಸೆಮಿಸ್ಟರ್‌ನಲ್ಲಿ ಜಾಗೃತಿ ಕಾರ್ಯಕ್ರಮ ನಡೆಸಬೇಕು, ಪಠ್ಯಕ್ರಮದೊಳಗೆ ಶೈಕ್ಷಣಿಕ ಪ್ರಾಮಾಣಿಕತೆಯನ್ನು ಸೇರಿಸಬೇಕು, ಹೋಲಿಕೆ ಪತ್ತೆ ಮಾಡುವ ಹಾಗೂ ಉಲ್ಲೇಖಗಳನ್ನು ನಿರ್ವಹಿಸುವ ಸಾಧನಗಳ ಬಳಕೆಯನ್ನು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಕಲಿಸಬೇಕು ಎಂದಿದೆ. ನಿಯಮ ಕಲಿಸುವುದನ್ನು ಮೊದಲು ಇಟ್ಟಿದೆ, ದಂಡಿಸುವುದನ್ನು ನಂತರ. ನಾವು ಹಿಂದಿನದನ್ನು ಮಡಚಿಟ್ಟು ಮುಂದಿನದನ್ನು ಮಾತ್ರ ಬಿಡಿಸಿಕೊಂಡಿದ್ದೇವೆ. ದಂಡನೆಯಿಲ್ಲದ ಮಿತಿಯಾಗಿದ್ದ ಹತ್ತು ಎಂಬ ಅಂಕಿ ಮುಟ್ಟಲೇಬೇಕಾದ ಗುರಿಯಾಯಿತು. ಗುರಿ ಹುಟ್ಟಿದ ಕಡೆ ಅಂಗಡಿಯೂ ಹುಟ್ಟುತ್ತದೆ. ಪುಟಕ್ಕಿಷ್ಟು ಎಂದು ದರ ಹೇಳಿ 'ಪರ್ಸೆಂಟೇಜ್ ಇಳಿಸಿಕೊಡುವ' ವ್ಯಾಪಾರ ಈಗ ಮೊಬೈಲ್‌ನಲ್ಲೇ ನಡೆಯುತ್ತದೆ. ನನ್ನ ತಂಗಿಯ ಮಗನಿಗೂ ಅಂಥ ಕೋರಿಕೆ ಬರುತ್ತವೆ. ಆ ಕೆಲಸ ತನ್ನಲ್ಲಿ ಮಾಡುವುದಿಲ್ಲ ಎಂದು ಅವನು ಕಳುಹಿಸುತ್ತಾನೆ. ಎರಡು ಅಂಗಡಿ ಆಚೆಗೆ ಆಗುತ್ತದೆ, ಬಿಡಿ.

ಆ ವ್ಯಾಪಾರದಿಂದ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ದಾಖಲೆಯಿದೆ. ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಅವರ ಸಂಗಡಿಗರು 2021ರಲ್ಲಿ ಪ್ರಕಟಿತ ವಿಜ್ಞಾನ ಲೇಖನಗಳೊಳಗೆ ವಿಚಿತ್ರ ಪದಗುಚ್ಛಗಳನ್ನು ಪತ್ತೆಹಚ್ಚಿದರು. ಪತ್ತೆಯಿಂದ ತಪ್ಪಿಸಿಕೊಳ್ಳಲೆಂದು ಸಮಾನಾರ್ಥಕ ಪದ ತುಂಬುವ ಯಂತ್ರಗಳಿಗೆ ಲೇಖನವನ್ನು ಕೊಟ್ಟಾಗ 'ಬ್ರೆಸ್ಟ್ ಕ್ಯಾನ್ಸರ್' ಎಂಬುದು 'ಬೂಸಮ್ ಪೆರಿಲ್' (ಎದೆಯ ಅಪಾಯ) ಆಗಿ ಹೊರಬಂದಿತ್ತು. ಅಂಥದ್ದನ್ನು ಸಂಪಾದಕರು ಓದಲಿಲ್ಲ, ಪರಿಶೀಲಕರು ಓದಲಿಲ್ಲ, ಪ್ರಕಟವಾಯಿತು. ಅಂಕಿಯನ್ನು ಇಳಿಸಿ ಎಂದು ಮಾತ್ರ ಹೇಳಿದರೆ ವಿದ್ಯಾರ್ಥಿ ಇಳಿಸುವುದು ಅಂಕಿಯನ್ನೇ.

ಹಾಗಾದರೆ ಅರಿವನ್ನು ಅಳೆಯುವುದು ಹೇಗೆ? ಇಲ್ಲಿ ನನ್ನ ಸಣ್ಣ ಪ್ರಯೋಗವನ್ನು ಹೇಳಬೇಕು. ಅದನ್ನು ಅಧ್ಯಯನ ಎಂದು ಕರೆಯುವ ಧೈರ್ಯ ನನಗಿಲ್ಲ, ಅಂಕಿ ಅಂಶ ಕೊಡುವಷ್ಟು ಮಂದಿಯೂ ಅದರಲ್ಲಿಲ್ಲ. ಅಂಗಡಿಗೆ ಬರುವ ವಿದ್ಯಾರ್ಥಿಗಳಿಗೆ, ಪ್ರಿಂಟ್ ಬರುವವರೆಗೆ ಕಾಯುವ ಹೊತ್ತಿನಲ್ಲಿ, ಒಂದು ಹಾಳೆ ಕೊಡತೊಡಗಿದೆ. ಮೊದಲು ಅದರಲ್ಲಿ "ಕೃತಿಚೌರ್ಯ ಎಂದರೇನೆಂದು ನಿಮಗೆ ಗೊತ್ತೇ?" ಎಂದು ಕೇಳಿದ್ದೆ. ಎಲ್ಲರೂ ಗೊತ್ತು ಎಂದು ಬರೆದರು. ಇನ್ನೊಬ್ಬರ ಬರಹವನ್ನು ಹೆಸರು ಹೇಳದೆ ತನ್ನದೆಂದು ತೋರಿಸುವುದು ಎಂದು ಅಚ್ಚುಕಟ್ಟಾದ ವ್ಯಾಖ್ಯೆಯನ್ನೂ ಕೊಟ್ಟರು. ಪರೀಕ್ಷೆಗೆ ಓದಿ ಓದಿ ಬಂದ ಮಕ್ಕಳು, ವ್ಯಾಖ್ಯೆಯಲ್ಲಿ ಸೋಲುತ್ತಾರೆಯೇ?

ಆ ಪ್ರಶ್ನೆಯನ್ನು ಹೊಡೆದುಹಾಕಿ ಪ್ರಸಂಗಗಳನ್ನು ಬರೆದೆ. ನಿಮ್ಮ ಸೀನಿಯರ್ ತಮ್ಮ ಥೀಸಿಸ್‌ನ ಪೆನ್‌ಡ್ರೈವ್ ಕೊಟ್ಟು, "ಮೆಥಡ್ಸ್ ಅಧ್ಯಾಯ ಹಾಗೆಯೇ ತೆಗೆದುಕೊಳ್ಳಿ, ನನ್ನ ಅಭ್ಯಂತರವಿಲ್ಲ" ಎಂದಿದ್ದಾರೆ. ತೆಗೆದುಕೊಂಡರೆ ಅದು ಕೃತಿಚೌರ್ಯವೇ? ಪಠ್ಯಪುಸ್ತಕದ ಚಿತ್ರವೊಂದನ್ನು ನೀವೇ ಕೈಯಾರೆ ಮತ್ತೆ ಬರೆದು ಮೂಲ ಹೇಳದೆ ಹಾಕಿದರೆ? ಕನ್ನಡ ಆರೋಗ್ಯ ಪತ್ರಿಕೆಯ ಲೇಖನವನ್ನು ಇಂಗ್ಲಿಷಿಗೆ ತಂದು ಸೇರಿಸಿದರೆ? ಒಂದು ಪ್ಯಾರಾದ ಪ್ರತಿ ವಾಕ್ಯವನ್ನೂ ಬೇರೆ ಪದಗಳಲ್ಲಿ ಬರೆದು ಆಕರ ಬಿಟ್ಟರೆ? ನೀವು ಈಗಾಗಲೇ ಪ್ರಕಟಿಸಿದ ನಿಮ್ಮದೇ ಲೇಖನದ ಎರಡು ಪುಟ ಥೀಸಿಸ್‌ಗೆ ಬಂದರೆ? ನೀವು ಓದಿಯೇ ಇಲ್ಲದ ಲೇಖನವನ್ನು ಇನ್ನೊಬ್ಬರ ಉಲ್ಲೇಖ ಪಟ್ಟಿಯಿಂದ ಎತ್ತಿಕೊಂಡರೆ? ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯನ್ನು ಆಕರ ಹೇಳಿ ಇದ್ದಂತೆಯೇ ಕೊಟ್ಟಿದ್ದೀರಿ, ಸಾಫ್ಟ್‌ವೇರ್ ಕೆಂಪು ತೋರಿಸಿದೆ, ತಪ್ಪು ನಿಮ್ಮದೇ?

ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆದವರೇ ಇಲ್ಲಿ ತಡವರಿಸಿದರು. ಸೀನಿಯರ್ ಪ್ರಸಂಗದಲ್ಲಿ ಹೆಚ್ಚಿನವರ ಉತ್ತರ "ಅಲ್ಲ, ಅನುಮತಿ ಇದೆಯಲ್ಲ" ಎಂದೇ. ಬರೆದವರು ಒಪ್ಪಿದರೆ ಓದುವವರಿಗೆ ಮೋಸವಾಗುವುದಿಲ್ಲ ಎಂದು ಅವರು ನಂಬಿದ್ದಾರೆ. ಅನುವಾದದ ಪ್ರಶ್ನೆಗೆ ಒಬ್ಬ ನಕ್ಕು, "ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ" ಎಂದು ಬರೆದ. ಕೇಳಿದ್ದು ಸರಿಯೇ ತಪ್ಪೇ ಎಂದು, ಅವನಿಗೆ ಕೇಳಿಸಿದ್ದು ಸಿಕ್ಕಿಬೀಳುತ್ತೇನೆಯೇ ಇಲ್ಲವೇ ಎಂದು. ಕೊನೆಯ ಪ್ರಶ್ನೆಗೆ, ಅಂದರೆ ತಪ್ಪೇ ಇಲ್ಲದ ಪ್ರಸಂಗಕ್ಕೆ, "ಹೌದು, ತಪ್ಪು" ಎಂದವರು ಬಹಳ. ಮಾಡಿದ್ದನ್ನು ಮಾಡಿಲ್ಲ ಎಂದುಕೊಳ್ಳುವುದು, ಮಾಡದೇ ಇದ್ದದ್ದಕ್ಕೆ ಹೆದರುವುದು, ಎರಡೂ ಒಂದೇ ಮಗುವಿನಲ್ಲಿ.

ಓದದ ಲೇಖನವನ್ನು ಉಲ್ಲೇಖಿಸುವ ಪ್ರಶ್ನೆ ನನ್ನ ವೃತ್ತಿಗೆ ಹತ್ತಿರದ್ದು, ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ಉಲ್ಲೇಖದಲ್ಲಿ ಪುಟಸಂಖ್ಯೆಯ ತಪ್ಪೊಂದು ನುಸುಳಿದರೆ ಅದು ಥೀಸಿಸ್‌ನಿಂದ ಥೀಸಿಸ್‌ಗೆ ವಂಶಪಾರಂಪರ್ಯವಾಗಿ ಇಳಿದು ಬರುತ್ತದೆ. ಬೇರೆ ಬೇರೆ ಊರಿನ, ಒಬ್ಬರನ್ನೊಬ್ಬರು ನೋಡಿಯೇ ಇಲ್ಲದ ಇಬ್ಬರ ಪಟ್ಟಿಯಲ್ಲಿ ಒಂದೇ ಲೇಖನಕ್ಕೆ ಒಂದೇ ತಪ್ಪು ಸಂಪುಟ ಸಂಖ್ಯೆ ಕಂಡಾಗ ಗ್ರಂಥಪಾಲಕರಿಗೆ ಬೇರೆ ಸಾಕ್ಷಿ ಬೇಕಿಲ್ಲ. 2003ರಲ್ಲಿ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಇಂಥ ಅಚ್ಚಿನ ತಪ್ಪುಗಳು ಹೇಗೆ ನಕಲಾಗುತ್ತ ಹೋಗುತ್ತವೆ ಎಂಬುದನ್ನೇ ಹಿಡಿದು ಲೆಕ್ಕ ಹಾಕಿ, ಉಲ್ಲೇಖಿಸುವವರಲ್ಲಿ ಸುಮಾರು ಶೇ. 20ರಷ್ಟು ಮಂದಿ ಮಾತ್ರ ಮೂಲವನ್ನು ಓದಿರುತ್ತಾರೆ ಎಂದು ಅಂದಾಜಿಸಿದರು. ಆದ್ದರಿಂದ ಇದು ನಮ್ಮ ಹುಡುಗರದ್ದೇ ವಿಶೇಷ ಪಾಪವಲ್ಲ. ದೊಡ್ಡವರಿಂದಲೇ ಬಂದ ರೂಢಿ.

ನಾನು ಮಾಡಿದ್ದನ್ನು ಸರಿಯಾಗಿ, ಶಾಸ್ತ್ರೀಯವಾಗಿ ಮಾಡಲು ಸಾಧನಗಳು ಈಗಾಗಲೇ ಇವೆ. ಕ್ರೊಯೇಷಿಯಾದ ರಿಯೇಕಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಕೃತಿಚೌರ್ಯದ ಕುರಿತ ಮನೋಭಾವವನ್ನು ಅಳೆಯುವ 29 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ರೂಪಿಸಿ ಪರೀಕ್ಷಿಸಿದರು. ನಂತರ ಅನೇಕ ದೇಶಗಳಲ್ಲಿ ಅದು ಬಳಕೆಯಾಯಿತು. ಅದರಲ್ಲಿ ಮೂರು ಕವಲುಗಳಿವೆ: ಕೃತಿಚೌರ್ಯವನ್ನು ಸಮರ್ಥಿಸುವ ಮನಸ್ಸು, ಅದನ್ನು ಖಂಡಿಸುವ ಮನಸ್ಸು, ಸುತ್ತಲಿನವರು ಏನು ಮಾಡುತ್ತಾರೆ ಎಂಬ ಭಾವನೆ. ನನಗೆ ಬಹಳ ಬೆಲೆಯುಳ್ಳದ್ದಾಗಿ ಕಂಡದ್ದು ಮೂರನೆಯದು. "ನೀನು ಕದ್ದೆಯಾ?" ಎಂದರೆ ಯಾರೂ ಹೌದು ಎನ್ನುವುದಿಲ್ಲ. "ನಿನ್ನ ಸುತ್ತ ಎಲ್ಲರೂ ಹೀಗೇ ಮಾಡುತ್ತಾರೆಯೇ?" ಎಂದರೆ ಬಾಯಿ ಬಿಡುತ್ತಾರೆ. ಆದರೆ ಮನೋಭಾವ ಒಂದು, ಅರಿವು ಇನ್ನೊಂದು. ಕಳ್ಳತನ ಕೆಟ್ಟದ್ದು ಎಂದು ಪೂರ್ಣವಾಗಿ ಒಪ್ಪುವವರೇ ತಾವು ಮಾಡುತ್ತಿರುವುದು ಅದೇ ಎಂದು ತಿಳಿಯದೆ ಇರಬಹುದು. ಮಳೆಯ ಅಂಕಿಯ ಹುಡುಗ ಆ ಪ್ರಶ್ನಾವಳಿಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಾನೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದಕ್ಕೇ ಹೇಳಿಕೆಗಳ ಜೊತೆಗೆ ಪ್ರಸಂಗಗಳೂ ಇರಬೇಕು ಎನ್ನುತ್ತೇನೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ವರ್ಷಕ್ಕೆ ಮೂವರೋ ನಾಲ್ವರೋ ಸೇರುವ ವಿಭಾಗದಲ್ಲಿ ಹೆಸರು ಬರೆಯಬೇಡಿ ಎಂದು ಹೇಳಿ, ಕೆಳಗೆ ವಯಸ್ಸು, ಲಿಂಗ, ಓದುವ ವರ್ಷ, ವಿಭಾಗ ಎಂದು ನಾಲ್ಕು ಗೆರೆ ಎಳೆದರೆ ಹೆಸರು ಬರೆಸಿಕೊಂಡಂತೆಯೇ. ಚರ್ಮರೋಗ ವಿಭಾಗದ ಎರಡನೇ ವರ್ಷದ ಏಕೈಕ ವಿದ್ಯಾರ್ಥಿನಿ ಅದರಲ್ಲಿ ನಿಜ ಬರೆಯುತ್ತಾಳೆಯೇ? ಅದೂ ಹಾಳೆ ಹಂಚುವವರು ನಾಳೆ ಅವಳ ಥೀಸಿಸ್‌ಗೆ ಸಹಿ ಹಾಕುವವರಾದರೆ? ಹೆಚ್ಚಿಗೆ ಏನನ್ನೂ ಕೇಳಬೇಡಿ. ಹಾಳೆಗಳನ್ನು ಗೈಡ್ ಅಲ್ಲ, ಗ್ರಂಥಾಲಯದವರು ಸಂಗ್ರಹಿಸಲಿ. ನಮಗೆ ಅವರ ಭವಿಷ್ಯದ ಮೇಲೆ ಯಾವ ಅಧಿಕಾರವೂ ಇಲ್ಲ. ಕಳೆದುಹೋದ ಪುಸ್ತಕದ ದಂಡವೊಂದು ಬಿಟ್ಟು.

ವಿದ್ಯಾರ್ಥಿಗಳ ಪರವಾಗಿಯೂ ಎರಡು ಮಾತು ಆಡದಿದ್ದರೆ ಈ ಪತ್ರ ಏಕಪಕ್ಷೀಯವಾಗುತ್ತದೆ. ರಾತ್ರಿ ಪಾಳಿ, ವಾರ್ಡು, ಹೊರರೋಗಿ ವಿಭಾಗ, ಸೆಮಿನಾರು, ಇವುಗಳ ನಡುವೆ ಅವರಿಗೆ ಬರೆಯಲು ಸಿಗುವುದು ಹರಿದ ಹೊತ್ತು. ಅದಕ್ಕಿಂತ ದೊಡ್ಡ ಕಾರಣ ಒಂದಿದೆ, ಅದನ್ನು ಯಾವ ಪ್ರಶ್ನಾವಳಿಯಲ್ಲೂ ಕಂಡಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಅದೇ ಸಿದ್ದಾಪುರದ ಹುಡುಗಿ ತನ್ನ ಕೋಷ್ಟಕಗಳಲ್ಲಿ ಕಂಡದ್ದೇನು ಎಂದು ಕನ್ನಡದಲ್ಲಿ ನನಗೆ ವಿವರಿಸಿದಾಗ ನಾನು ಬೆರಗಾಗಿ ಕೇಳಿದೆ. ತೋಟದ ಕೆಲಸಕ್ಕೆ ಹೋಗುವ ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆಯನ್ನು ಏಕೆ ಅರ್ಧಕ್ಕೆ ಬಿಡುತ್ತಾರೆ ಎಂಬುದಕ್ಕೆ ಅವಳಲ್ಲಿ ತನ್ನದೇ ಆದ ಒಳನೋಟವಿತ್ತು: ಬರಿ ಹೊಟ್ಟೆಯಲ್ಲಿ ನುಂಗಿ ಹೋದರೆ ಕೆಲಸದ ನಡುವೆ ಹೊಟ್ಟೆ ತೊಳಸುತ್ತದೆ, ಕೂಲಿ ತಪ್ಪುತ್ತದೆ. ಅದು ಥೀಸಿಸ್‌ನ ಚರ್ಚೆಯ ಅಧ್ಯಾಯದಲ್ಲಿ ಇರಲೇ ಇಲ್ಲ. ಏಕೆ ಎಂದೆ. "ನನ್ನ ಇಂಗ್ಲಿಷು ಅಷ್ಟು ಚೆನ್ನಾಗಿಲ್ಲ ಮೇಡಂ, ಜರ್ನಲ್ ಭಾಷೆಯ ಹಾಗೆ ಬರುವುದಿಲ್ಲ" ಎಂದಳು. ಅಲ್ಲಿದ್ದದ್ದು ಬೇರೆಯವರ ತೀರ್ಮಾನಗಳನ್ನು ಆಕರ ಹೇಳಿ, ನಿಯಮಬದ್ಧವಾಗಿ, ಒಂದರ ಪಕ್ಕ ಒಂದು ಜೋಡಿಸಿದ್ದು. ಕೃತಿಚೌರ್ಯ ಅಲ್ಲ. ಅವಳೂ ಅದರಲ್ಲಿಲ್ಲ. ಇಂಥ ಭಯವಿರುವ ಇನ್ನೊಬ್ಬಳು ಆಕರ ಹೇಳುವುದನ್ನೂ ಬಿಟ್ಟಿರುತ್ತಾಳೆ, ಅಷ್ಟೇ ವ್ಯತ್ಯಾಸ. ಸೊಗಸಾದ ಇಂಗ್ಲಿಷ್ ಬೇಡ, ನೀನು ಕಂಡದ್ದನ್ನು ಸರಳವಾಗಿ ಬರೆ ಎಂದು ಅವಳಿಗೆ ಹೇಳಬೇಕಾದವರು ನೀವು. ಬೈಂಡಿಂಗ್ ಅಂಗಡಿಯಲ್ಲಿ ಕುಳಿತ ನಾನು ಹೇಳಿದರೆ ಅದು ತಡವಾಯಿತು.

ಇದರಿಂದ ನಿಮಗೇನು ಕಷ್ಟ ಎಂದು ಕೇಳುವಿರಾದರೆ ಅದಕ್ಕೂ ಉತ್ತರವಿದೆ. ದೊಡ್ಡ ಕಾಯಿಲೆ ಬಂದರೆ ಉತ್ತರ ಕನ್ನಡದವರು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆ ಎಷ್ಟು ವರ್ಷಗಳಿಂದ ಕೂಗುತ್ತಿದೆ ಎಂಬುದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ, ಅದು ಬೇರೆ ಪತ್ರವಾದೀತು. ದೂರದ ದೊಡ್ಡ ಆಸ್ಪತ್ರೆಗಳಲ್ಲಿ ಹಾಸಿಗೆಯ ಮೇಲಿರುವಾಗ ನಮ್ಮವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾರೆ, ಕೆಲವರು ಹೆಬ್ಬೆಟ್ಟು ಒತ್ತುತ್ತಾರೆ. ಅಧ್ಯಯನಕ್ಕೆ ಎಂದು ಇನ್ನೊಂದಿಷ್ಟು ರಕ್ತ ಕೊಡುತ್ತಾರೆ, ಅದೇ ಪ್ರಶ್ನೆಗೆ ಎರಡನೇ ಬಾರಿ ಉತ್ತರಿಸುತ್ತಾರೆ. ನನ್ನ ಅಕ್ಕನೂ ಹಾಗೆ ಕೊಟ್ಟವಳೇ. "ಕಲಿಯುವ ಹುಡುಗರು, ಮುಂದೆ ಯಾರಿಗಾದರೂ ಉಪಕಾರವಾದೀತು" ಎಂದಳು. ನಿಮ್ಮ ಥೀಸಿಸ್‌ಗಳ ಕೋಷ್ಟಕಗಳಲ್ಲಿ ನಮ್ಮ ಅಂಕೋಲೆ, ಯಲ್ಲಾಪುರ, ಹೊನ್ನಾವರ ಇದೆ. ಅವರು ಕೊಟ್ಟದ್ದರ ಮೇಲೆ ಯೋಚಿಸಿ ಬರೆಯಬೇಕಾದ ಜಾಗದಲ್ಲಿ ಇನ್ಯಾವುದೋ ಊರಿನ ಇನ್ಯಾವುದೋ ರೋಗಿಗಳ ಕುರಿತ ಮಾತು ಬಂದು ಕೂತರೆ ಆ ರಕ್ತ ವ್ಯರ್ಥ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಜೀವ ತೆಗೆಯಿತು. ಕಾಡಿನ ಅಂಚಿನ ಮನೆ, ಒಣ ತರಗೆಲೆ ಗುಡಿಸಿ ತರಲು ಹೋಗುವ ದಾರಿ, ರೋಗ ಹರಡುವ ಉಣುಗು (ಉಣ್ಣೆ) ಕಚ್ಚುವ ಕಾಲ, ಇವೆಲ್ಲ ಊರಿನಿಂದ ಊರಿಗೆ ಬೇರೆ. ಇಲ್ಲಿ ಏನು ನಡೆಯುತ್ತಿದೆ ಎಂದು ಮುಂದಿನ ವೈದ್ಯರಿಗೆ ತಿಳಿಸುವ ಬರಹಗಳಲ್ಲಿ ಸ್ನಾತಕೋತ್ತರ ಥೀಸಿಸ್‌ಗಳ ಪಾಲು ಸಣ್ಣದಲ್ಲ. ಅವುಗಳಲ್ಲಿ ನಮ್ಮ ಮಳೆ 600 ಮಿಲಿಮೀಟರ್ ಎಂದಿದ್ದರೆ, ಉಣುಗಿನ ಕಾಲದ ಬಗ್ಗೆ ಬರೆದದ್ದನ್ನು ಯಾರು ನಂಬಬೇಕು?

ಈಗ ನನ್ನ ಕೋರಿಕೆಗಳು. ಸಿನಾಪ್ಸಿಸ್ ಸಲ್ಲಿಸುವ ಮೊದಲೇ, ಅಂದರೆ ಮೊದಲ ವರ್ಷದ ಆರಂಭದ ತಿಂಗಳುಗಳಲ್ಲೇ, ಪ್ರತಿ ವಿದ್ಯಾರ್ಥಿಯ ಅರಿವನ್ನು ಹೆಸರಿಲ್ಲದೆ ಪ್ರಸಂಗಗಳ ಮೂಲಕ ಅಳೆಯಿರಿ. ಥೀಸಿಸ್ ಸಲ್ಲಿಸುವ ಮೊದಲು ಮತ್ತೊಮ್ಮೆ ಅಳೆಯಿರಿ. ನಡುವೆ ಕಲಿಸಿದ್ದು ತಲೆಗೆ ಹೋಯಿತೋ ಇಲ್ಲವೋ ನಿಮಗೇ ತಿಳಿಯುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸನ್ನು ಕಡ್ಡಾಯ ಮಾಡಿರುವುದು ಒಳ್ಳೆಯದೇ. ಆದರೆ ಕೋರ್ಸಿನ ಪ್ರಮಾಣಪತ್ರ ಇದೆ ಎಂಬ ಕಾರಣಕ್ಕೆ ಅರಿವೂ ಇದೆ ಎಂದು ಭಾವಿಸಬೇಡಿ. ನನ್ನ ಹಾಳೆಯಲ್ಲಿ ತಡವರಿಸಿದವರಲ್ಲಿ ಆ ಪ್ರಮಾಣಪತ್ರ ಇದ್ದವರೂ ಇದ್ದರು.

ಅದೇ ಹಾಳೆಯನ್ನು ಗೈಡ್‌ಗಳೂ ತುಂಬಲಿ. ಈ ಮಾತು ಕೆಲವರಿಗೆ ಕಹಿಯಾಗುತ್ತದೆ ಎಂದು ಬಲ್ಲೆ. 2018ರ ನಿಯಮದ ಪ್ರಕಾರ ತಮ್ಮ ವಿದ್ಯಾರ್ಥಿಯ ಕೆಲಸ ಕೃತಿಚೌರ್ಯದಿಂದ ಮುಕ್ತ ಎಂದು ಪ್ರಮಾಣಪತ್ರ ಕೊಡಬೇಕಾದವರು ಮಾರ್ಗದರ್ಶಕರು. ಕೊಡುವವರಿಗೆ ಅದರ ಅರ್ಥ ಎಷ್ಟರಮಟ್ಟಿಗೆ ತಿಳಿದಿದೆ ಎಂದು ನೋಡಿಕೊಳ್ಳುವುದರಲ್ಲಿ ಅವಮಾನವೇನಿದೆ? "ಹಳೆಯ ಥೀಸಿಸ್ ನೋಡಿಕೊಂಡು ಬರೆದುಬಿಡು" ಎಂಬ ಸಲಹೆ ಮೊದಲು ಬರುವುದು ಯಾರ ಬಾಯಿಂದ ಎಂಬುದನ್ನು ವಿದ್ಯಾರ್ಥಿಗಳು ನನಗೆ ಹೇಳಿದ್ದಾರೆ. ನಾನು ಇಲ್ಲಿ ಹೇಳುವುದಿಲ್ಲ.

ಹೋಲಿಕೆ ವರದಿಯನ್ನು ಕೊನೆಯ ವಾರ ಬರುವ ತೀರ್ಪಾಗಿ ಮಾಡಬೇಡಿ. ಮೊದಲ ಕರಡಿನಿಂದಲೇ ವಿದ್ಯಾರ್ಥಿ ತಾನೇ ಅದನ್ನು ನೋಡುವಂತಿರಲಿ, ಗೈಡ್ ಜೊತೆ ಕುಳಿತು ಕೆಂಪಿರುವ ಪ್ರತಿ ಸಾಲಿಗೂ ಕಾರಣ ಕೇಳಿಕೊಳ್ಳಲಿ. ಶೇಕಡಾವಾರು ಬರೆಯುವ ಪುಟದಲ್ಲಿ ಅಂಕಿಯ ಕೆಳಗೆ ನಾಲ್ಕು ಸಾಲು ವಿವರಣೆಗೂ ಜಾಗ ಬಿಡಿ: ಹೊಂದಿಕೆಯಾದದ್ದು ಯಾವ ಭಾಗ, ಏಕೆ, ಆಕರ ಇದೆಯೇ. ಬಿಳಿಯಾಗಿ ಬಂದ ಭಾಗವನ್ನೂ ಒಮ್ಮೆ ಓದಿ. ನಿಮ್ಮ ಗ್ರಂಥಪಾಲಕರನ್ನು ಪಾಸ್‌ವರ್ಡ್ ಕೊಡುವ ನೌಕರರಾಗಿ ಮಾತ್ರ ಕಾಣದೆ ಈ ಕೆಲಸಕ್ಕೆ ಕರೆಯಿರಿ. ಅವರಿಗೆ ಇದು ಬರುತ್ತದೆ, ಯಾರೂ ಕೇಳಿಲ್ಲ ಅಷ್ಟೇ.

ಅಳತೆಯ ಫಲಿತಾಂಶ ಕೆಟ್ಟದಾಗಿ ಬಂದರೆ ಮುಚ್ಚಿಡಬೇಡಿ ಎಂಬುದು ಕೊನೆಯ ಕೋರಿಕೆ. ಯಾರನ್ನೂ ದಂಡಿಸಲು ಬಳಸುವುದಿಲ್ಲ ಎಂದು ಮೊದಲೇ ಬರೆದುಕೊಟ್ಟು, ಬಂದದ್ದನ್ನು ಕಾಲೇಜಿನ ಎದುರು ಇಡಿ. ಯಾವ ಪ್ರಸಂಗದಲ್ಲಿ ಹೆಚ್ಚು ಮಂದಿ ಎಡವಿದ್ದಾರೋ ಮುಂದಿನ ತರಗತಿ ಅಲ್ಲಿಂದಲೇ ಆರಂಭವಾಗಲಿ.

ನನ್ನ ಹಾಳೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ. ಕೇಳಿದ ಕಾಲೇಜಿಗೆ ಕಳುಹಿಸುತ್ತೇನೆ, ತಿದ್ದಿ ಬಳಸಿಕೊಳ್ಳಿ. ಆಕರ ಹೇಳಿದರೆ ಸಂತೋಷ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಂಥಪಾಲಕಿ
ಶಿರಸಿ, ಉತ್ತರ ಕನ್ನಡ ಜಿಲ್ಲೆ